ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

ವೈದ್ಯನ ಕರ್ತವ್ಯ ಎರಡು ಬಗೆಯದು. ರೋಗಕ್ಕೆ ಮದ್ದು ಕೊಡುವುದು ಒಂದು. ತಾನು ಅರಿತುದನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ದೊರೆಯುವ ಮನ್ನಣೆ ಎರಡನೆಯದಕ್ಕೆ ದೊರೆಯುವುದಿಲ್ಲ. ಆದರೆ ಕಳೆದ ಶತಮಾನದಲ್ಲಿ ಅಸಂಖ್ಯ ಮಕ್ಕಳ ಪ್ರಾಣವನ್ನುಳಿಸಿದ ಒಂದು ಚಿಕಿತ್ಸೆಯ ಇತಿಹಾಸವನ್ನು ನೋಡಿದರೆ, ಅಲ್ಲಿ ಔಷಧಿಯಷ್ಟೇ ಅದನ್ನು ಕುರಿತ ಮಾತೂ ಮುಖ್ಯವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ವಾಂತಿ-ಭೇದಿಯಾದವರಿಗೆ ಕುಡಿಸುವ ಉಪ್ಪು-ಸಕ್ಕರೆಯ ನೀರೇ, ಅಂದರೆ ಓ.ಆರ್.ಎಸ್., ಆ ಚಿಕಿತ್ಸೆ.

ಉಪ್ಪಿನೊಡನೆ ಸಿಹಿ ಏಕೆ?

ಕಾಲರಾ ಮೊದಲಾದ ಭೇದಿಯ ರೋಗಗಳಲ್ಲಿ ರೋಗಿ ಸಾಯುವುದು ಬಹುಮಟ್ಟಿಗೆ ದೇಹದ ನೀರು ಮತ್ತು ಲವಣಗಳು ಹೊರಹೋಗುವುದರಿಂದ. ಬರಿಯ ನೀರನ್ನು ಕುಡಿಸಿದರೆ ಲವಣದ ಕೊರತೆ ತುಂಬುವುದಿಲ್ಲ. ಬರಿಯ ಉಪ್ಪುನೀರನ್ನು ಕೊಟ್ಟರೆ ರೋಗಪೀಡಿತ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳದು. ಆದರೆ ಗ್ಲೂಕೋಸ್ ಜೊತೆಗಿದ್ದರೆ ಅದು ಉಪ್ಪಿನಲ್ಲಿರುವ ಸೋಡಿಯಂ ಅಂಶವನ್ನು ತನ್ನೊಡನೆ ಕರುಳಿನ ಗೋಡೆಯ ಒಳಕ್ಕೆ ಕರೆದೊಯ್ಯುತ್ತದೆ; ಅವುಗಳ ಹಿಂದೆ ನೀರೂ ಹೋಗುತ್ತದೆ. ಕರುಳಿನ ಈ ಬಾಗಿಲು ಕಾಲರಾದಲ್ಲಿಯೂ ಮುಚ್ಚುವುದಿಲ್ಲ. 1960ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತೆಯ ಸಂಶೋಧಕರು ಇದನ್ನು ರೋಗಿಗಳಲ್ಲಿ ಪರೀಕ್ಷಿಸಿದರು. ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಅವರು ನಡೆಸಿದ ಪ್ರಯೋಗದ ವರದಿ 1968ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೂ ರಕ್ತನಾಳಕ್ಕೆ ಏರಿಸುವ ಸಲೈನ್ ಬಾಟಲಿಯಲ್ಲಿದ್ದ ನಂಬಿಕೆ, ಬಾಯಿಂದ ಕುಡಿಯುವ ನೀರಿನಲ್ಲಿ ವೈದ್ಯರಿಗೇ ಹುಟ್ಟಲಿಲ್ಲ.

ಬನಗಾಂವಿನ ಶಿಬಿರ

1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧದಿಂದಾಗಿ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ಮಲಗಿಸಲು ನೆಲವೂ ಸಾಲದಾಯಿತು. ಸಲೈನ್ ದಾಸ್ತಾನು ಮುಗಿಯುತ್ತ ಬಂತು. ಅಲ್ಲಿ ದುಡಿಯುತ್ತಿದ್ದ ಡಾ. ದಿಲೀಪ್ ಮಹಲನಬೀಸ್ ಅವರು ಧೈರ್ಯದ ನಿರ್ಧಾರವೊಂದನ್ನು ಕೈಗೊಂಡರು. ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೆರೆಸಿದ ನೀರನ್ನು ಸಿದ್ಧಪಡಿಸಿ, ಅದನ್ನು ಕುಡಿಸುವ ಹೊಣೆಯನ್ನು ರೋಗಿಗಳ ಬಂಧುಗಳಿಗೇ ವಹಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು, ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನೀರು ಕುಡಿದು ಕಾಲರಾ ವಾಸಿಯಾಗುವುದೆಂದರೆ ಜನ ನಂಬುತ್ತಿರಲಿಲ್ಲ. ಆದರೆ 'ಸಲೈನ್' ಎಂಬ ಹೆಸರನ್ನು ಅವರು ಬಲ್ಲರು. ಆದ್ದರಿಂದ ವೈದ್ಯರು ಇದನ್ನು 'ಬಾಯಿಂದ ಕುಡಿಯುವ ಸಲೈನ್' ಎಂದು ಕರೆದರು. ಬೆರೆಸುವ ವಿಧಾನವನ್ನು ಕರಪತ್ರಗಳಲ್ಲಿ ಅಚ್ಚುಮಾಡಿಸಿ ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾ ಹೋರಾಟಗಾರರ ರಹಸ್ಯ ರೇಡಿಯೋ ಕೂಡ ಅದನ್ನು ಪ್ರಸಾರಮಾಡಿತು. ಸರಿಯಾದ ಹೆಸರೊಂದು ಅರ್ಧ ಚಿಕಿತ್ಸೆಯಾಯಿತು. ಮಹಲನಬೀಸ್ ಅವರು 2022ರಲ್ಲಿ ನಿಧನರಾದರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಮನೆಮನೆಯ ಪಾಠ

ಯುದ್ಧ ಮುಗಿದ ಮೇಲೆ ಸ್ವತಂತ್ರ ಬಾಂಗ್ಲಾದೇಶದ ಮುಂದಿದ್ದ ಪ್ರಶ್ನೆ ಬೇರೆ. ಪೊಟ್ಟಣವೂ ದೊರೆಯದ ಹಳ್ಳಿಯ ತಾಯಿ ಏನು ಮಾಡಬೇಕು? 'ಬ್ರಾಕ್' ಎಂಬ ಸೇವಾಸಂಸ್ಥೆ 1980ರಿಂದ ಹತ್ತು ವರ್ಷಗಳ ಕಾಲ ಮನೆಮನೆಗೆ ಕಾರ್ಯಕರ್ತೆಯರನ್ನು ಕಳುಹಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಇದೇ ಪಾಠ. ತಾಯಿ ತನ್ನ ಕೈಯಿಂದಲೇ ಬೆರೆಸಿ ತೋರಿಸಬೇಕು. ಕೆಲವು ದಿನಗಳ ಬಳಿಕ ಬೇರೊಬ್ಬರು ಬಂದು ಆಕೆಗೆ ಎಷ್ಟು ನೆನಪಿದೆಯೆಂದು ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ಆ ನೆನಪನ್ನು ಅವಲಂಬಿಸಿತ್ತು!

ಪಾಠ ನೆನಪಿದ್ದರೂ ಮೊದಮೊದಲು ಅದನ್ನು ಬಳಸಿದವರು ಕಡಿಮೆ. ವಿಚಾರಿಸಿದಾಗ ಎರಡು ಕಾರಣಗಳು ಹೊರಬಿದ್ದವು. ಮನೆಯ ಗಂಡಸರಿಗೆ ಯಾರೂ ವಿಷಯವನ್ನು ತಿಳಿಸಿರಲಿಲ್ಲ. ಕಲಿಸುವ ಕಾರ್ಯಕರ್ತೆಯರಿಗೇ ಪೂರ್ಣ ವಿಶ್ವಾಸವಿರಲಿಲ್ಲ. ಆ ಮೇಲೆ ಸಂತೆಗಳಲ್ಲಿ, ಮಸೀದಿಗಳಲ್ಲಿ ಗಂಡಸರಿಗೂ ತಿಳಿಯಹೇಳಲಾಯಿತು. ಕಾರ್ಯಕರ್ತೆಯರು ಆ ನೀರನ್ನು ತಾವೇ ಕುಡಿದು ತೋರಿಸಿದರು. ಹೀಗೆ ಪಾಠ ತಲುಪಿದ ಮನೆಗಳು ಒಂದು ಕೋಟಿಗೂ ಮಿಗಿಲು. ಹೇಳುವವನಿಗೆ ನಂಬಿಕೆಯಿಲ್ಲದ ಮಾತು ಕೇಳುವವನಿಗೆ ನಾಟದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹೆಸರಿಗಾಗಿ ನಡೆದ ಹೋರಾಟ

ಹೆಸರು ಜನರ ವಿಶ್ವಾಸವನ್ನು ಗಳಿಸಿದ ಮೇಲೆ ಅದರ ದುರುಪಯೋಗವೂ ಆರಂಭವಾಯಿತು. ಸಕ್ಕರೆ ಹೆಚ್ಚಾಗಿರುವ ಪಾನೀಯಗಳು 'ಓ.ಆರ್.ಎಸ್.' ಎಂಬ ಅಕ್ಷರಗಳನ್ನು ಹೊತ್ತು ಔಷಧಿ ಅಂಗಡಿಗಳಲ್ಲೇ ಮಾರಾಟವಾದವು. ಸಕ್ಕರೆ ಮಿತಿಮೀರಿದರೆ ಅದು ಕರುಳಿನೊಳಕ್ಕೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಇದರ ವಿರುದ್ಧ ಜನರನ್ನು ಎಚ್ಚರಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆಜ್ಞೆಮಾಡಿತು.

ಕನ್ನಡಕ್ಕೂ ಇಂಥ ವೈದ್ಯರ ಕೊರತೆಯಿಲ್ಲ. 'ಕೊರವಂಜಿ'ಯ ರಾಶಿಯವರು, 'ತಾಯಿ-ಮಗು' ಬರೆದ ಡಾ. ಅನುಪಮಾ ನಿರಂಜನ, ಮಾನಸಿಕ ಆರೋಗ್ಯವನ್ನು ಕುರಿತು ನೂರಕ್ಕೂ ಹೆಚ್ಚು ಪುಸ್ತಕಗಳನ್ನು ರಚಿಸಿದ ಡಾ. ಸಿ. ಆರ್. ಚಂದ್ರಶೇಖರ್ ಇವರೆಲ್ಲರೂ ವೈದ್ಯವಿದ್ಯೆಯನ್ನು ತಾಯ್ನುಡಿಗೆ ತಂದವರು.

ಓದುಗರು ನೆನಪಿಡಬೇಕಾದುದು

1. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿರಿ. 2002ರ ಪರಿಷ್ಕೃತ ಸೂತ್ರದಂತೆ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಇರಬೇಕು. ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಇಡೀ ಪುಡಿಯನ್ನು ಹಾಕಿರಿ. 24 ಗಂಟೆಗಳಾದ ಮೇಲೆ ಉಳಿದುದನ್ನು ಚೆಲ್ಲಿರಿ.

2. ಪೊಟ್ಟಣವಿಲ್ಲದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

3. ಪ್ರತಿ ಸಲ ಭೇದಿಯಾದಾಗಲೂ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕೆ ಮೇಲ್ಪಟ್ಟ ಮಗುವಿಗೆ 100ರಿಂದ 200 ಮಿಲಿಲೀಟರ್ ಕೊಡಿರಿ. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚದಿಂದ ನಿಧಾನವಾಗಿ ಕುಡಿಸಿರಿ.

4. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ 10ರಿಂದ 14 ದಿನ ಸತುವಿನ ಮಾತ್ರೆಯನ್ನು ಕೊಡಿರಿ.

5. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಕು, ಮೂತ್ರ ನಿಲ್ಲುವುದು, ಕುಡಿಯಲಾರದಿರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮಹಾನಗರಗಳಲ್ಲಿ ನೆಲೆಸಿದ ನಾವು ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಆಡುವವರು. ಆ ಎರಡು ನುಡಿಗಳೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಊರಿನಲ್ಲಿರುವ ಅಕ್ಕ-ತಂಗಿಯರಿಗೆ ಕನ್ನಡದಲ್ಲಿ, ಮನೆಗೆಲಸಕ್ಕೆ ಬರುವಾಕೆಗೆ ಆಕೆಯ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯಲ್ಲಿ ಈ ಐದು ಮಾತುಗಳನ್ನು ತಿಳಿಸಿರಿ. ಮಳೆಗಾಲ ಬರುವ ಮುನ್ನ ಎರಡು ಪೊಟ್ಟಣಗಳನ್ನು ಮನೆಯಲ್ಲಿ ತಂದಿರಿಸಿರಿ.