ಎಳೆಯ ಮಕ್ಕಳಿಗೆ ಕಥೆ ಹೇಳುವ ವಿಷಯವಾದ ಪಾಠ

ಕೂಸಿಗೆ ಅನ್ನವನ್ನೂ ಬಟ್ಟೆಯನ್ನೂ ಕೊಡುವದು ತಾಯ್ತಂದೆಗಳ ಕರ್ತವ್ಯವೆಂದು ನಾವೆಲ್ಲರೂ ಬಲ್ಲೆವು. ಕಥೆಯನ್ನು ಕೊಡುವದೂ ಹಾಗೆಯೇ ಕರ್ತವ್ಯವೆಂದು ಎಣಿಸುವವರು ಮಾತ್ರ ಕೊಂಚ. ಕಥೆಯೆಂದರೆ ಹೊತ್ತು ಕಳೆಯುವ ವಿನೋದವೆಂದೇ ಬಹುಮಂದಿ ತಿಳಿದಿದ್ದಾರೆ. ಆದಕಾರಣ ಬಂಗಾರಪೇಟೆ ಮತ್ತು ಕೋಲಾರದ ಚಿನ್ನದ ಗಣಿಗಳ ಸೀಮೆಯ ಮನೆಗಳನ್ನು ಮುಂದಿಟ್ಟುಕೊಂಡು, ಎಳೆಯ ಮಕ್ಕಳಿಗೆ ಯಾವ ಮಾತಿನಲ್ಲಿ, ಯಾವ ರೀತಿಯಾಗಿ ಕಥೆ ಹೇಳತಕ್ಕದ್ದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಈ ಸೀಮೆಯ ಮಕ್ಕಳ ಸ್ಥಿತಿ

1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಯ ಕೆಲಸವನ್ನು ಕೈಕೊಂಡ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದು ಇಲ್ಲಿ ನೆಲೆಸಿದವು. ಗಣಿಯ ಲೈನುಮನೆಗಳಲ್ಲಿ ಹೆಚ್ಚಾಗಿ ತಮಿಳು, ಸುತ್ತಣ ಹಳ್ಳಿಗಳಲ್ಲಿ ತೆಲುಗು ಮತ್ತು ಕನ್ನಡ. ಹೀಗೆ ಮೂರು ಮಾತುಗಳು ಒಂದೇ ಸಂತೆಯಲ್ಲಿ ಕೇಳಬರುವವು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಅನೇಕ ಮನೆಗಳ ತಂದೆಯೂ ತಾಯಿಯೂ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಬಂಗಾರಪೇಟೆಗಳ ನಿಲ್ದಾಣಗಳಲ್ಲಿ ರೈಲು ಹತ್ತಿ ಕೂಲಿಗಾಗಿ ಬೆಂಗಳೂರಿಗೆ ಹೋಗಿಬರುತ್ತಾರೆ. ಅವರು ಹೊರಡುವಾಗ ಕೂಸು ಎದ್ದಿರುವದಿಲ್ಲ; ತಿರಿಗಿ ಬರುವಾಗ ನಿದ್ದೆಗೆ ಬಿದ್ದಿರುತ್ತದೆ. ಹಗಲೆಲ್ಲಾ ಕೂಸಿನ ಸಂಗಡ ಇರುವವರು ಅಜ್ಜಿಯರು, ಇಲ್ಲವೆ ಕೈಗೆ ಕೊಟ್ಟ ಮೊಬೈಲು.

ಇದರಲ್ಲಿ ದೊಡ್ಡ ನಷ್ಟವುಂಟು. ಮನೆಯಲ್ಲಿ ಕಥೆ ನಿಂತುಹೋದರೆ ಕೂಸು ತನ್ನ ಮಾತನ್ನು ಅರೆಯಾಗಿ ಕಲಿತು, ಆ ಅರೆಮಾತಿನೊಡನೆ ಬೇರೊಂದು ಮಾತಿನ ಶಾಲೆಗೆ ಹೋಗುವದು. ಅಂಥದಕ್ಕೆ ಎರಡೂ ಕೈತಪ್ಪುವ ಅಪಾಯವಿದೆ.

2. ಕಥೆಯ ಉಪಯೋಗ

ನಾವು ದಿನವೂ ಮಕ್ಕಳ ಸಂಗಡ ಆಡುವ ಮಾತುಗಳನ್ನು ಎಣಿಸಿ ನೋಡಿರಿ. ಬಾ, ಹೋಗು, ಉಣ್ಣು, ಮಲಗು, ಸುಮ್ಮನಿರು. ಬಹಳ ಮಟ್ಟಿಗೆ ಇಷ್ಟೇ. “ಆದರೂ”, “ಆದುದರಿಂದ”, “ಹಾಗೆ ಮಾಡದೆ ಇದ್ದಿದ್ದರೆ” ಎಂಬಂಥ ಮಾತುಗಳು ಅಪ್ಪಣೆಗಳಲ್ಲಿ ಬಾರವು, ಕಥೆಯಲ್ಲಿ ಬರುತ್ತವೆ. ಮುಂದೆ ಪುಸ್ತಕವನ್ನು ತೆರೆದಾಗ ಮಗುವಿಗೆ ಬೇಕಾಗುವವು ಇವೇ. ಮೊದಲು ಏನಾಯಿತು, ಅನಂತರ ಏನಾಯಿತು, ಯಾಕೆ ಹಾಗಾಯಿತು ಎಂಬ ಕ್ರಮವನ್ನೂ ಕಣ್ಣ ಮುಂದಿಲ್ಲದ್ದನ್ನು ಮನಸ್ಸಿನಲ್ಲಿ ಕಾಣುವ ಶಕ್ತಿಯನ್ನೂ ಮಗು ಕಥೆಯಿಂದಲೇ ಪಡೆಯುವದು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರು. ಸುಮಾರು ಸಾವಿರ ವರುಷಗಳ ಹಿಂದೆ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡದಲ್ಲಿ ಬರೆದನು. ಪಾಠ ಹತ್ತದ ರಾಜಕುಮಾರರಿಗೆ ಗುರುವು ಪ್ರಾಣಿಗಳ ಕಥೆಗಳಿಂದ ಬುದ್ಧಿಯನ್ನು ಕಲಿಸಿದನೆಂಬದೇ ಪಂಚತಂತ್ರದ ಮೂಲ ಸಂಗತಿಯಲ್ಲವೇ?

3. ಮನೆಯ ಮಾತಿನಲ್ಲಿಯೇ ಹೇಳಿರಿ

“ಮಗು ಶಾಲೆಯಲ್ಲಿ ಕನ್ನಡವನ್ನೋ ಇಂಗ್ಲಿಷನ್ನೋ ಕಲಿಯಬೇಕು, ನಾವು ಮನೆಯಲ್ಲಿ ತಮಿಳು ತೆಲುಗುಗಳಲ್ಲಿ ಕಥೆ ಹೇಳಿದರೆ ಅದಕ್ಕೆ ಅಡ್ಡಿಯಾಗದೋ?” ಎಂದು ಕೆಲವರು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲ. ಒಂದು ಮಾತಿನಲ್ಲಿ ಕಥೆಯ ನಡೆಯನ್ನು ಅರಿತ ಮಗು ಎರಡನೆಯ ಮಾತಿನಲ್ಲಿ ಅದನ್ನೇ ಕೇಳುವಾಗ ಶಬ್ದಗಳನ್ನು ಮಾತ್ರ ಹೊಸದಾಗಿ ಕಲಿಯುವದು. ಅರ್ಥವು ಮೊದಲೇ ಅದರ ಕೈಯಲ್ಲಿದೆ.

ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ಕನ್ನಡದ ಸಣ್ಣ ಕಥೆಗೆ ನೆಲೆಗೊಟ್ಟವರೆಂದು ಹೆಸರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಇದೇ ಕೋಲಾರ ಸೀಮೆಯಲ್ಲಿ ಹುಟ್ಟಿದವರು. ಅವರ ಮನೆಮಾತು ತಮಿಳು. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ದೊರೆತದ್ದು ಕನ್ನಡ ಬರಹಕ್ಕಾಗಿಯೇ. ಕನ್ನಡದ ಮಕ್ಕಳಿಗೆ ಕಥೆಗಳನ್ನೂ ಹಾಡುಗಳನ್ನೂ ಬರೆದುಕೊಟ್ಟ ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿ. ಮನೆಯ ಮಾತು ಇವರಿಬ್ಬರಿಗೂ ಅಡ್ಡಿಯಾಗಲಿಲ್ಲ.

4. ಮೂರು ಮನೆಗಳ ಮೂರು ಕಥೆಗಳು

ತಮಿಳು ಮನೆಯಲ್ಲಿ ವಡೆ ಸುಡುವ ಅಜ್ಜಿಯ ಕಥೆಯುಂಟು. ಕಾಗೆಯು ವಡೆಯನ್ನು ಕದ್ದು ಮರದ ಮೇಲೆ ಕೂತಿತು. ನರಿಯು ಅದರ ಕಂಠವನ್ನು ಹೊಗಳಿ ಹಾಡೆಂದಿತು. ಕಾಗೆ ಬಾಯಿ ತೆರೆಯಿತು, ವಡೆ ಬಿತ್ತು. ಕನ್ನಡ ಮನೆಯಲ್ಲಿ ಕಾಗಕ್ಕ ಗುಬ್ಬಕ್ಕನ ಕಥೆಯುಂಟು. ಮಳೆಗೆ ಕಾಗಕ್ಕನ ಸಗಣಿಯ ಮನೆ ಕರಗಿಹೋಗಲು, ಅವಳು ಗುಬ್ಬಕ್ಕನ ಕಲ್ಲುಮನೆಯ ಬಾಗಿಲು ತಟ್ಟುವಳು; ಗುಬ್ಬಕ್ಕನು ಒಂದೊಂದು ನೆವ ಹೇಳಿ ತಡಮಾಡುವಳು. ಇದರ ಕೊನೆಯನ್ನು ಒಂದೊಂದು ಮನೆಯಲ್ಲಿ ಒಂದೊಂದು ಪರಿಯಾಗಿ ಹೇಳುತ್ತಾರೆ.

ತೆಲುಗು ಮನೆಯಲ್ಲಿ ಏಳು ಮೀನುಗಳ ಕಥೆಯುಂಟು. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಗಹಾಕಿದರು. ಒಂದು ಮಾತ್ರ ಒಣಗಲಿಲ್ಲ. ಯಾಕೆಂದು ಕೇಳಿದರೆ ಮೀನು ಹುಲ್ಲಿನ ಮೇಲೆ ತಪ್ಪು ಹೊರಿಸಿತು, ಹುಲ್ಲು ಹಸುವಿನ ಮೇಲೆ, ಹಸು ದನಕಾಯುವವನ ಮೇಲೆ, ಅವನು ಬುತ್ತಿ ಕೊಡದ ಅಜ್ಜಿಯ ಮೇಲೆ, ಅಜ್ಜಿ ಅಳುವ ಕೂಸಿನ ಮೇಲೆ, ಕೂಸು ಕಚ್ಚಿದ ಇರುವೆಯ ಮೇಲೆ. ಇರುವೆಯಾದರೋ, ತನ್ನ ಚಿನ್ನದ ಹುತ್ತದಲ್ಲಿ ಬೆರಳಿಟ್ಟರೆ ಕಚ್ಚದೆ ಬಿಡುವೆನೇ ಎಂದಿತು.

ಅಜ್ಜಂದಿರೇ, ಚಿನ್ನದ ಹುತ್ತದ ಮಾತು ಬಂದಾಗ ನಿಮ್ಮ ಕಥೆಯನ್ನೂ ಕೂಡಿಸಿರಿ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಗಣಿ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಊರ ನಡುವೆ ಗುಡ್ಡವಾಗಿ ನಿಂತಿರುವ ಸಯನೈಡ್ ಮಣ್ಣು, ಇವೆಲ್ಲಾ ಮಕ್ಕಳಿಗೆ ಅಚ್ಚರಿಯ ಸಂಗತಿಗಳೇ. ಬಂಗಾರಪೇಟೆಯ ಹೆಸರು ಮೊದಲು ಬೌರಿಂಗ್‌ಪೇಟೆ ಎಂದಿದ್ದದ್ದೂ ಮೈಸೂರಿನ ಕಮಿಷನರರಾಗಿದ್ದ ಬೌರಿಂಗ್ ದೊರೆಯಿಂದ ಆ ಹೆಸರು ಬಂದದ್ದೂ ಒಂದು ಕಥೆಯೇ. ಗಣಿಯೊಳಗೆ ಇಳಿದು ಬಂದವರು ವರುಷ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಹೇಳದೆ ಹೋದದ್ದನ್ನು ಮೊಮ್ಮಕ್ಕಳಿಗೆ ಮತ್ತಾರು ಹೇಳುವರು?

5. ಅಂಗನವಾಡಿಯಲ್ಲಿಯೂ ಶಾಲೆಯಲ್ಲಿಯೂ

ಉಪಾಧ್ಯಾಯರು ಈ ಮೂರರಲ್ಲಿ ಒಂದನ್ನು ಒಂದು ವಾರಕ್ಕೆ ತೆಗೆದುಕೊಳ್ಳಲಿ. ಏಳು ಮೀನುಗಳ ಕಥೆಯನ್ನೇ ಮಾದರಿಯಾಗಿ ನೋಡೋಣ.

ಮೊದಲನೆಯ ದಿನ, ಅದನ್ನು ಬಲ್ಲ ಮಗುವು ತನ್ನ ಮಾತಿನಲ್ಲಿ ಹೇಳಲಿ; ಅಥವಾ ಒಬ್ಬ ಅಜ್ಜಿಯನ್ನು ಕರೆದು ಹೇಳಿಸಿರಿ. ಎರಡನೆಯ ದಿನ, ಉಪಾಧ್ಯಾಯರು ಅದನ್ನೇ ಸುಲಭವಾದ ಕನ್ನಡದಲ್ಲಿ ಹೇಳಲಿ. ಪುಸ್ತಕವನ್ನು ಹಿಡಿಯದೆ, ಮಕ್ಕಳ ಮುಖ ನೋಡುತ್ತಾ, ಕೈಸನ್ನೆಯೊಡನೆ ಹೇಳಲಿ. ಮೂರನೆಯ ದಿನ, ಮೀನು, ಹುಲ್ಲು, ಹಸು, ಅಜ್ಜಿ, ಇರುವೆ ಎಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರಶ್ನೆ ಉತ್ತರಗಳನ್ನು ಅವರ ಬಾಯಿಂದಲೇ ಆಡಿಸಿರಿ. ನಾಲ್ಕನೆಯ ದಿನ, ಆ ಶಬ್ದಗಳನ್ನು ಹಲಗೆಯ ಮೇಲೆ ಬರೆಯಿರಿ.

ಆಗ ಒಂದು ಚೆಲುವಾದ ಸಂಗತಿ ತಾನಾಗಿ ಕಾಣುವದು. ತಮಿಳಿನ ಪುಲ್, ಪಾಲ್, ಪಲ್ ಎಂಬವು ಕನ್ನಡದಲ್ಲಿ ಹುಲ್ಲು, ಹಾಲು, ಹಲ್ಲು. ತಮಿಳು ತೆಲುಗುಗಳ ಪುಲಿ ಕನ್ನಡದ ಹುಲಿ. ಹಳಗನ್ನಡದಲ್ಲಿಯೂ ಅದು ಪುಲಿಯೇ ಆಗಿತ್ತು. ಇದನ್ನು ಕಂಡ ಮಗುವು ಕನ್ನಡವು ತನಗೆ ಪರದೇಶವಲ್ಲ, ನೆಂಟರ ಮನೆ ಎಂದು ತಿಳಿಯುವದು. ಮಗುವಿನ ಮನೆಮಾತನ್ನು ಕೇಳಿ ಯಾರೂ ನಗದಂತೆ ಉಪಾಧ್ಯಾಯರು ನೋಡಿಕೊಳ್ಳಬೇಕು. ಒಂದು ಸಾರಿ ನಗೆಗೀಡಾದ ಮಗು ಬಹುಕಾಲ ಬಾಯಿ ತೆರೆಯದು.

6. ಕೆಲವು ಎಚ್ಚರಿಕೆಗಳು

ಗುಮ್ಮನನ್ನು ತೋರಿಸಿ ಮಕ್ಕಳನ್ನು ಮಲಗಿಸಬೇಡಿರಿ. ಅಂಜಿ ಮಲಗಿದ ಕೂಸು ಬೆಚ್ಚಿ ಏಳುವದು.

ಕಥೆ ಮುಗಿದ ಕೂಡಲೆ ನೀತಿಯನ್ನು ಬಡಿಯಬೇಡಿರಿ. “ನೀನು ಕಾಗೆಯಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿ ಸುಮ್ಮನಿರಿ, ನೀತಿಯನ್ನು ಮಗುವೇ ಹುಡುಕಿಕೊಳ್ಳುವದು.

ಅದೇ ಕಥೆಯನ್ನು ಹತ್ತು ಸಾರಿ ಕೇಳಿದರೂ ಬೇಸರಪಡಬೇಡಿರಿ. ಮುಂದೇನೆಂದು ತಿಳಿದಿರುವದೇ ಮಗುವಿನ ಸಂತೋಷ. ಒಂದು ಮಾತು ಬಿಟ್ಟರೆ ಅದೇ ತಿದ್ದುವದು.

ಮೊಬೈಲಿನಲ್ಲಿಯೂ ಕಥೆಗಳಿರುತ್ತವೆ, ನಿಜ. ಆದರೆ ಅದು ಮಗುವಿನ ಮುಖವನ್ನು ನೋಡಿ ನಿಲ್ಲುವದಿಲ್ಲ, “ಯಾಕೆ?” ಎಂದರೆ ಅಜ್ಜಿಯಂತೆ ಮಡಿಲಿಗೆಳೆದುಕೊಂಡು ಉತ್ತರ ಕೊಡುವದಿಲ್ಲ.

ದಣಿದು ರೈಲಿಳಿದು ಬರುವ ತಾಯ್ತಂದೆಗಳಿಗೆ ನಾವು ಭಾರ ಹೊರಿಸುವವರಲ್ಲ. ವಾರದ ದಿನಗಳಲ್ಲಿ ಆಗದಿದ್ದರೆ ರಜೆಯ ದಿನ ಕಾಲು ಗಂಟೆ ಸಾಕು. ಉಳಿದ ದಿನಗಳ ಕಥೆಯನ್ನು ಅಜ್ಜಿಗೆ ಒಪ್ಪಿಸಿ, “ಈ ಹೊತ್ತು ಅಜ್ಜಿ ಏನು ಹೇಳಿದಳು?” ಎಂದು ಮಗುವನ್ನು ಕೇಳಿರಿ. ಆಗ ಹೇಳುವ ಸರದಿ ಮಗುವಿನದು, ಕೇಳುವ ಸರದಿ ನಿಮ್ಮದು.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯ ಹಿರಿಯರಿಗೆ ಬರುವ ಕಥೆಗಳೆಷ್ಟು? ಅವುಗಳಲ್ಲಿ ಮಕ್ಕಳು ಕೇಳಿದವು ಎಷ್ಟು?
2. ಅಪ್ಪಣೆಯ ಮಾತಿನಲ್ಲಿ ಇಲ್ಲದ್ದು ಕಥೆಯ ಮಾತಿನಲ್ಲಿ ಏನುಂಟು?
3. ಮನೆಮಾತಿನ ಕಥೆಯು ಶಾಲೆಯ ಮಾತಿಗೆ ಹೇಗೆ ಸಹಾಯವಾಗುವದು?
4. ಈ ತಿಂಗಳಲ್ಲಿ ಯಾವ ಕಥೆಯನ್ನು, ಯಾರು, ಯಾವ ದಿನ ಹೇಳುವರು?