ಹುಡುಕುವುದಕ್ಕೂ ಕೂಲಿ ಇದೆ

ಕಾರಿನ ಹೆಡ್‌ಲೈಟ್ ಹತ್ತದಿದ್ದರೆ ರಿಪೇರಿಗೆ ಎಷ್ಟು ಬೀಳುತ್ತದೆ? 10 ರೂಪಾಯಿಯ ಫ್ಯೂಸ್‌ನಲ್ಲಿ ಮುಗಿಯಬಹುದು, ಹೊಸ ಕಾಲದ ಎಲ್‌ಇಡಿ ಜೋಡಿಯಾದರೆ 50,000 ರೂಪಾಯಿಯವರೆಗೂ ಹೋಗಬಹುದು. ಮನೆಯ ಬೇರಾವ ಖರ್ಚಿನಲ್ಲೂ ಇಷ್ಟು ದೊಡ್ಡ ಅಂತರವನ್ನು ನಾನು ಕಂಡಿಲ್ಲ. ಕತ್ತಲು ಮಾತ್ರ ಎರಡರಲ್ಲೂ ಒಂದೇ ಥರ. ಹೀಗಾಗಿ ಇಲ್ಲಿ ದುಡ್ಡು ಉಳಿಯುವುದೂ ಹೋಗುವುದೂ ಪಾರ್ಟ್‌ನ ಬೆಲೆಯಿಂದಲ್ಲ. ತೊಂದರೆ ಎಲ್ಲಿದೆ ಎಂದು ಯಾರು ಹುಡುಕಿದರು, ಹೇಗೆ ಹುಡುಕಿದರು ಎಂಬುದರಿಂದ.

ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ ಚಿಕ್ಕ ಪೆಟ್ರೋಲ್ ಕಾರು. ಒಂದು ಸಂಜೆ ಎರಡೂ ಹೆಡ್‌ಲೈಟ್ ಒಟ್ಟಿಗೆ ಕೈಕೊಟ್ಟವು. ಪಾರ್ಕಿಂಗ್ ಲೈಟ್, ಹಾರ್ನ್, ಇಂಡಿಕೇಟರ್ ಎಲ್ಲ ಸರಿ ಇದ್ದವು, ಅಂದರೆ ಬ್ಯಾಟರಿ ಚೆನ್ನಾಗಿಯೇ ಇತ್ತು. ಸರ್ವಿಸ್ ಸೆಂಟರಿನವರು ಎಸ್ಟಿಮೇಟ್ ಬರೆದರು: ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್, ಎರಡು ಬಲ್ಬ್, ವೈರಿಂಗ್ ನೋಡಿದ್ದಕ್ಕೆ ಲೇಬರ್, ಮೇಲೆ ಜಿಎಸ್‌ಟಿ. ಎಲ್ಲ ಸೇರಿ 8,000 ರೂಪಾಯಿಗೆ ಹತ್ತಿರ. ಸ್ವಿಚ್ಚೇ ಹೋಗಿದೆ ಎಂದು ಹೇಗೆ ಗೊತ್ತಾಯಿತು ಅಂತ ಕೇಳಿದೆ. ‘ಜಾಸ್ತಿ ಅದೇ ಹೋಗೋದು ಸರ್. ಹಾಕಿ ನೋಡೋಣ, ಆಗ್ಲಿಲ್ಲ ಅಂದ್ರೆ ರಿಲೇ ಬದಲಾಯಿಸೋಣ’ ಎಂದರು. ಹಾಕಿ ನೋಡುವುದು ಅವರು, ದುಡ್ಡು ಕೊಡುವುದು ನಾನು. ಎಲೆಕ್ಟ್ರಿಕಲ್ ಪಾರ್ಟ್‌ಗಳನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡು ಕೌಂಟರಿನಲ್ಲೇ ಇತ್ತು. ಎಸ್ಟಿಮೇಟನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದೆ.

ಮರುದಿನ ಹಗಲಿನಲ್ಲಿ ತಿಪಟೂರಿನ ಕಡೆ ಹೋಗುವುದಿತ್ತು. ಅಲ್ಲಿ ಪರಿಚಯದವರೊಬ್ಬರು ತೋರಿಸಿದ ಆಟೊ ಎಲೆಕ್ಟ್ರಿಷಿಯನ್ ಬಳಿ ಕಾರು ನಿಲ್ಲಿಸಿದೆ. ವಯಸ್ಸಾದವರು. ಬಾನೆಟ್ ತೆಗೆಯುವ ಮೊದಲೇ ಕೇಳಿದರು, ‘ಎರಡೂ ಒಟ್ಟಿಗೆ ಹೋದ್ವಾ ಸಾರ್, ಒಂದಾದ ಮೇಲೆ ಒಂದಾ?’ ಕಾಸು ಖರ್ಚಿಲ್ಲದ ಈ ಪ್ರಶ್ನೆಯಿಂದ ಅರ್ಧ ಕೆಲಸ ಮುಗಿಯಿತು. ಒಂದಾದ ಮೇಲೆ ಒಂದು ಹೋಗಿದ್ದರೆ ಬಲ್ಬ್. ಎರಡೂ ಬಲ್ಬ್ ಒಂದೇ ಗಳಿಗೆಯಲ್ಲಿ ಸುಡುವುದು ಅಪರೂಪ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್ ಇರುವ ಕಾರಿನಲ್ಲಿ ಎರಡೂ ಫ್ಯೂಸ್ ಜೊತೆಗೆ ಹೋಗುವುದೂ ಅಪರೂಪವೇ. ಉಳಿಯುವುದು ಎರಡು ದೀಪಕ್ಕೂ ಸೇರಿದ ಜಾಗಗಳು: ಸ್ವಿಚ್, ರಿಲೇ, ಅರ್ತ್ ವೈರು.

‘ಲೈಟ್ ಆನ್ ಮಾಡಿ, ಆಫ್ ಮಾಡಿ, ಇನ್ನೊಂದ್ಸಲ ಆನ್ ಮಾಡಿ’ ಎಂದು ಹೇಳಿ ಫ್ಯೂಸ್ ಬಾಕ್ಸಿನ ಹತ್ತಿರ ಕಿವಿ ಇಟ್ಟರು. ಒಳಗೆ ಟಿಕ್ ಎಂದು ಸಣ್ಣ ಸದ್ದು. ‘ಸ್ವಿಚ್ ಹೋಗಿಲ್ಲ. ಹೋಗಿದ್ರೆ ಇದು ಸದ್ದು ಮಾಡ್ತಿರ್ಲಿಲ್ಲ.’

ರಿಲೇ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಡಬ್ಬಿ. ಸ್ಟೀರಿಂಗ್ ಪಕ್ಕದ ಸ್ವಿಚ್ ತಾನೇ ದೀಪದ ಕರೆಂಟನ್ನೆಲ್ಲ ಹೊರುವುದಿಲ್ಲ. ರಿಲೇಯೊಳಗಿನ ಸುರುಳಿಗೆ ಸ್ವಲ್ಪ ಕರೆಂಟ್ ಕೊಡುತ್ತದೆ. ಆ ಸುರುಳಿ ಅಯಸ್ಕಾಂತವಾಗಿ ಒಳಗಿನ ಕಾಂಟ್ಯಾಕ್ಟನ್ನು ಎಳೆದು ಕೂಡಿಸುತ್ತದೆ. ಟಿಕ್ ಎನ್ನುವುದು ಅದೇ. ಸದ್ದು ಬರುತ್ತಿದೆ, ದೀಪ ಬರುತ್ತಿಲ್ಲ ಎಂದರೆ ಸ್ವಿಚ್ ತನ್ನ ಕೆಲಸ ಮಾಡಿದೆ, ತೊಂದರೆ ಮುಂದೆಲ್ಲೋ ಇದೆ. ಅವರು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರು. ರಿಲೇಗೆ ಬರುವ ಕಡೆ ಕರೆಂಟ್ ಇತ್ತು, ಹೋಗುವ ಕಡೆ ಇರಲಿಲ್ಲ. ಪಕ್ಕದಲ್ಲೇ ಅದೇ ನಮೂನೆಯ ಹಾರ್ನ್ ರಿಲೇ ಇತ್ತು. ಅದನ್ನು ಕಿತ್ತು ಇಲ್ಲಿ ಹಾಕಿದರು. ದೀಪ ಹತ್ತಿತು.

ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ರಿಲೇ ಯಾಕೆ ಸುಟ್ಟಿತು ಎಂದು ಬಲ್ಬ್ ಬಿಚ್ಚಿ ತೋರಿಸಿದರು. ಮೊದಲಿನ ಮಾಲೀಕರು 100/90 ವಾಟ್‌ನ ಬಲ್ಬ್ ಹಾಕಿಸಿದ್ದರು. ನನ್ನ ಕಾರಿಗೆ ಬರಬೇಕಾದ್ದು 60/55 ವಾಟ್‌ನ ಎಚ್4 ಬಲ್ಬ್. ಡಿಪ್‌ನಲ್ಲಿ 55 ವಾಟ್‌ನ ಎರಡು ದೀಪ 12 ವೋಲ್ಟ್ ಲೆಕ್ಕದಲ್ಲಿ 9 ಆಂಪಿಯರ್ ಚಿಲ್ಲರೆ ಎಳೆಯುತ್ತವೆ. 90 ವಾಟ್‌ನವಾದರೆ ಅದೇ ವೈರಿನಲ್ಲಿ 15 ಆಂಪಿಯರ್ ಹರಿಯಬೇಕು. ಬಲ್ಬಿನ ಹಿಂದಿನ ಕಪ್ಲರ್ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಎದುರಿನವರ ಕಣ್ಣು ಕುಕ್ಕುವ ಈ ಬಲ್ಬ್‌ಗಳು ರಸ್ತೆಗೂ ಕೇಡು, ಜೇಬಿಗೂ ಕೇಡು.

ರಿಲೇಗೆ 200, ಸರಿಯಾದ ವಾಟ್‌ನ ಬಲ್ಬ್ ಜೋಡಿಗೆ 400. ಕೂಲಿ ಎಷ್ಟು ಎಂದರೆ 150 ಅಂದರು. ನಾನು 500 ಕೊಟ್ಟೆ. ಜೊತೆಯಲ್ಲಿದ್ದ ನನ್ನ ಭಾವ ಕಾರು ಹತ್ತಿದ ಮೇಲೆ ‘ಅರ್ಧ ಗಂಟೆ ಕೆಲಸಕ್ಕೆ ಐನೂರಾ?’ ಎಂದು ಮುಖ ಸಿಂಡರಿಸಿದರು. ಅವರ ಲೆಕ್ಕ ಬಹಳ ಜನರ ಲೆಕ್ಕವೇ. 2,800 ರೂಪಾಯಿಯ ಸ್ವಿಚ್ಚಿಗೆ ಮಾತಿಲ್ಲದೆ ದುಡ್ಡು ಕೊಡುತ್ತೇವೆ, ಯಾಕೆಂದರೆ ಅದು ಡಬ್ಬದಲ್ಲಿ ಬರುತ್ತದೆ, ಬಿಲ್ಲಿನಲ್ಲಿ ಕಾಣುತ್ತದೆ. ‘ಸ್ವಿಚ್ ಬೇಡ’ ಎಂದು ಹೇಳಿದವರ ಹತ್ತಿರ ಮಾತ್ರ ಚೌಕಾಸಿ. ಹುಡುಕಿದ್ದಕ್ಕೆ ಕೊಡದ ಗಿರಾಕಿಗೆ ಗ್ಯಾರೇಜು ಇನ್ನೇನು ಮಾಡೀತು? ಪಾರ್ಟ್ ಮಾರುತ್ತದೆ. ಎಲ್ಲ ಗ್ಯಾರೇಜಿನವರೂ ಮೋಸಗಾರರು ಎನ್ನುವ ಮಾತಿಗೆ ನಾನು ಒಪ್ಪುವುದಿಲ್ಲ. ಅವರನ್ನು ಪಾರ್ಟ್ ಮಾರುವ ದಾರಿಗೆ ಹಚ್ಚಿದ್ದರಲ್ಲಿ ನಮ್ಮ ಪಾಲೂ ಇದೆ. ಈಗ ಯಾವ ಗ್ಯಾರೇಜಿಗೆ ಹೋದರೂ ಮೊದಲೇ ಹೇಳಿಬಿಡುತ್ತೇನೆ: ತೊಂದರೆ ಹುಡುಕಿ ತೋರಿಸಿದರೆ ಅದಕ್ಕೇ ಬೇರೆ ದುಡ್ಡು, ಪಾರ್ಟ್ ಬದಲಾಯಿಸಿದರೂ ಸರಿ, ಬದಲಾಯಿಸದಿದ್ದರೂ ಸರಿ.

ಗ್ಯಾರೇಜಿಗೆ ಹೋಗುವ ಮೊದಲು ಮನೆ ಬಾಗಿಲಲ್ಲೇ ನೋಡಬಹುದಾದ್ದೂ ಇದೆ. ಒಂದೇ ದೀಪ ಹೋಗಿದ್ದರೆ ಎಡದ ಬಲ್ಬನ್ನು ಬಲಕ್ಕೆ ಹಾಕಿ ನೋಡಿ. ಕತ್ತಲು ಬಲ್ಬಿನ ಜೊತೆ ಆ ಕಡೆ ಹೋದರೆ ಬಲ್ಬ್, ಹೋಗದಿದ್ದರೆ ಫ್ಯೂಸ್, ವೈರು ಅಥವಾ ಕಪ್ಲರ್. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಕೈಯ ಜಿಡ್ಡು ಅಂಟಿದ ಕಡೆ ಕಾವು ಹೆಚ್ಚಾಗಿ ಬೇಗ ಹೋಗುತ್ತದೆ. ಎಚ್4 ಬಲ್ಬಿನೊಳಗೆ ಡಿಪ್ಪಿಗೊಂದು, ಹೈ ಬೀಮಿಗೊಂದು ಎಳೆ ಇರುವುದರಿಂದ ಹೈ ಬೀಮ್ ಬಂದು ಡಿಪ್ ಬಾರದಿರುವುದೂ ಉಂಟು. ದೀಪ ಮಂಕಾಗಿ ಮಿಣಮಿಣ ಎನ್ನುತ್ತಿದ್ದರೆ ಅರ್ತ್ ವೈರು ಬಾಡಿಗೆ ಸೇರುವ ಬೋಲ್ಟ್ ನೋಡಿ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಅಲ್ಲಿ ತುಕ್ಕು, ಕಿಲುಬು ಕೂತಿರುತ್ತದೆ. ಎಮರಿ ಕಾಗದದಲ್ಲಿ ಉಜ್ಜಿದರೆ ಸಾಕು, ಖರ್ಚಿಲ್ಲ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದ್ದೇ ಹಾಕಬೇಕು: ಕೆಂಪು 10, ನೀಲಿ 15, ಹಳದಿ 20. ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ವೈರು ಶಾರ್ಟ್ ಆಗಿದೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಯಾದರೆ ಮೊದಲ ಅನುಮಾನ ಇಲಿಯ ಮೇಲೆ. 10 ರೂಪಾಯಿ ಉಳಿಸಲು ಅಲ್ಲಿ ಸಿಗರೇಟು ಪ್ಯಾಕಿನ ಬೇಗಡೆ ತುರುಕಿದರೆ ಕಾರಿಗೇ ಬೆಂಕಿ ಹತ್ತೀತು.

ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಸವೆತ, ಎಲೆಕ್ಟ್ರಿಕಲ್ ಅಥವಾ ಮೆಕ್ಯಾನಿಕಲ್ ಕೆಡುಕು ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಬರುವುದಿಲ್ಲ. ಗುದ್ದಿ ಒಡೆದಿದ್ದರೆ ಬರುತ್ತದೆ, ಆದರೆ ಲೆಕ್ಕ ಹಾಕಿ. 4,000 ರೂಪಾಯಿಯ ಹೆಡ್‌ಲೈಟ್‌ನಲ್ಲಿ ಪ್ಲಾಸ್ಟಿಕ್ ಎಂದು 50% ಸವಕಳಿ ಕಳೆದರೆ 2,000. 1,500 ಸಿಸಿಯವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 1,000. ಐದು ವರ್ಷ ಕ್ಲೇಮ್ ಮಾಡದೆ ಸೇರಿಸಿದ 50% ನೋ ಕ್ಲೇಮ್ ಬೋನಸ್ ಅದರ ಜೊತೆ ಹೋಗುತ್ತದೆ. ಬೋನಸ್ ಕಳೆಯುವ ಮೊದಲು ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ 6,000 ಇದ್ದರೆ ಮುಂದಿನ ವರ್ಷವೇ 3,000 ಹೆಚ್ಚು ಕಟ್ಟಬೇಕು. ಝೀರೋ ಡೆಪ್ ಇದ್ದರೆ ಸವಕಳಿ ಕಳೆಯುವುದಿಲ್ಲ ನಿಜ, ಬೋನಸ್ ಉಳಿಯುವುದು ಅದಕ್ಕೆಂದೇ ಬೇರೆ ಆಡ್-ಆನ್ ಕೊಂಡಿದ್ದರೆ ಮಾತ್ರ.

ಮೇಲೆ ಹೇಳಿದ ಅಗ್ಗದ ರಿಪೇರಿಯೆಲ್ಲ ಬಲ್ಬ್ ಇರುವ ಕಾರಿನ ಮಾತು. ಎಲ್‌ಇಡಿ ಹೆಡ್‌ಲೈಟ್‌ಗಳು ಬಲ್ಬಿಗಿಂತ ಬಹುಕಾಲ ಬಾಳುತ್ತವೆ, ನಿಜ. ಆದರೆ ಹೆಚ್ಚಿನವು ಮುಚ್ಚಿ ಅಂಟಿಸಿದಂಥವು. ಒಳಗೆ ನೀರು ಸೇರಿದರೆ, ಸರ್ಕ್ಯೂಟ್ ಕೆಟ್ಟರೆ ಇಡೀ ದೀಪವನ್ನೇ ಬದಲಾಯಿಸಿ ಎನ್ನುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 28% ಜಿಎಸ್‌ಟಿ ಇದ್ದ ವಾಹನದ ಬಿಡಿಭಾಗಗಳಿಗೂ ಅದು 18%ಕ್ಕೆ ಇಳಿದಿದೆ, ಆದರೂ ಒಂದು ದೀಪಕ್ಕೆ 20,000 ದಾಟುವ ಕಾರುಗಳಿವೆ. ಹೊಸ ಕಾರು ನೋಡಲು ಹೋದಾಗ ನಾವು ಮೈಲೇಜ್ ಕೇಳುತ್ತೇವೆ, ಡಿಸ್ಕೌಂಟ್ ಕೇಳುತ್ತೇವೆ. ಬುಕಿಂಗ್ ಮೊತ್ತ ಕಟ್ಟುವ ಮೊದಲು ಅದೇ ಕಟ್ಟಡದ ಪಾರ್ಟ್ಸ್ ಕೌಂಟರಿಗೂ ಹೋಗಿ ಒಂದು ಹೆಡ್‌ಲೈಟ್‌ನ ಬೆಲೆ ಕೇಳಿ, ವಾರಂಟಿ ಅದಕ್ಕೆ ಎಷ್ಟು ವರ್ಷ ಎಂದು ಬರೆಸಿಕೊಳ್ಳಿ.