ಹುಣಿಸೆಯ ಆಮ್ಲಕ್ಕೆ ರೂಪಗಳೆಷ್ಟು?

ಹೈದರಾಬಾದಿನಲ್ಲಿ ಹುಣಿಸೆಹಣ್ಣಿಲ್ಲದ ಅಡುಗೆಮನೆಯು ವಿರಳ. ಅದರ ಹುಳಿಗೆ ಮುಖ್ಯ ಕಾರಣವಾದ ಟಾರ್ಟಾರಿಕ್ ಆಮ್ಲವು ರಸಾಯನಶಾಸ್ತ್ರದ ವಿದ್ಯಾರ್ಥಿಯ ಮುಂದೆ ಒಂದು ಲೆಕ್ಕವನ್ನೂ ಇಡುತ್ತದೆ. ಪರಮಾಣುಗಳು ಅವೇ, ಅವು ಒಂದಕ್ಕೊಂದು ಸೇರಿರುವ ಕ್ರಮವೂ ಅದೇ. ಆದರೂ ನಿಂತಿರುವ ದಿಕ್ಕು ಬೇರೆಯಾದುದರಿಂದ ಬೇರೆ ಬೇರೆ ವಸ್ತುಗಳೆನಿಸುವ ಅಣುಗಳಿಗೆ ತ್ರಿವಿಮ ಸಮಾಂಗಿಗಳೆಂದು ಹೆಸರು. ಟಾರ್ಟಾರಿಕ್ ಆಮ್ಲಕ್ಕೆ ಇಂಥ ಸಮಾಂಗಿಗಳೆಷ್ಟು? ಸೂತ್ರವನ್ನು ಕಂಠಪಾಠ ಮಾಡಿದವನು ನಾಲ್ಕು ಎನ್ನುವನು. ಇರುವುದು ಮೂರೇ.

ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳುಂಟೆಂದೂ ಅವು ಚತುಷ್ಫಲಕದ ನಾಲ್ಕು ಮೂಲೆಗಳತ್ತ ಚಾಚಿರುವುವೆಂದೂ 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಎಂಬ ಇಬ್ಬರು ವಿಜ್ಞಾನಿಗಳು ಸ್ವತಂತ್ರವಾಗಿ ಊಹಿಸಿದರು. ಆ ನಾಲ್ಕು ಕೈಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳಿದ್ದರೆ ಎರಡು ಜೋಡಣೆಗಳು ಸಾಧ್ಯ. ನಮ್ಮ ಬಲಗೈ ಎಡಗೈಗಳಂತೆ ಅವು ಒಂದರ ಕನ್ನಡಿಬಿಂಬ ಇನ್ನೊಂದು. ಒಂದರ ಮೇಲೊಂದು ಹೊಂದಿ ಕೂಡುವುದಿಲ್ಲ. ಇವನ್ನು ‘ಬ’ ಮತ್ತು ‘ಎ’ ಎಂದು ಕರೆಯೋಣ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲದಲ್ಲಿ ಇಂಥ ಇಂಗಾಲವೊಂದೇ, ರೂಪಗಳು ಎರಡು. ಒಂದೊಂದು ಇಂಗಾಲವು ಹೆಚ್ಚಿದಂತೆ ರೂಪಗಳು ಇಮ್ಮಡಿಸಬೇಕು. ಕಂಠಪಾಠದ ಸೂತ್ರವೆಂದರೆ ಇದೇ.

ಟಾರ್ಟಾರಿಕ್ ಆಮ್ಲದಲ್ಲಿ ಇಂಥ ಇಂಗಾಲಗಳು ಎರಡು. ಆದುದರಿಂದ ಬಬ, ಎಎ, ಬಎ, ಎಬ ಎಂಬ ನಾಲ್ಕು ಪದಗಳು ದೊರೆಯುತ್ತವೆ. ಆದರೆ ಈ ಅಣುವಿನ ಎರಡು ತುದಿಗಳೂ ಒಂದೇ ಬಗೆಯವು. ಅದನ್ನು ತಿರುಗಿಸಿ ಹಿಡಿದರೆ ‘ಬಎ’ ಎಂಬುದು ‘ಎಬ’ ಎಂದು ಓದಿಸಿಕೊಳ್ಳುತ್ತದೆ. ಎರಡೂ ಒಂದೇ ವಸ್ತು. ಇದರಲ್ಲಿ ಒಂದರ್ಧವು ಇನ್ನೊಂದರ್ಧದ ಕನ್ನಡಿಬಿಂಬವಾಗಿರುವುದರಿಂದ ಧ್ರುವೀಕೃತ ಬೆಳಕನ್ನು ಅದು ಯಾವ ಕಡೆಗೂ ತಿರುಗಿಸದು. ಇದಕ್ಕೆ ಮೀಸೋ ರೂಪವೆಂದು ಹೆಸರು. ಹುಣಿಸೆಹಣ್ಣಿನಲ್ಲಿರುವುದು ಬಬ ಒಂದೇ. ಬಬ ಮತ್ತು ಎಎಗಳ ಮಿಶ್ರಣದಿಂದಾದ ಲವಣದ ಹರಳುಗಳನ್ನು ಪಾಶ್ಚರನು 1848ರಲ್ಲಿ ಆಕಾರ ನೋಡಿ ಕೈಯಿಂದಲೇ ಆರಿಸಿ ಬೇರ್ಪಡಿಸಿದನು. ಇಷ್ಟು ಸರಳವಾದ ಪ್ರಯೋಗದಿಂದ ಇಷ್ಟು ದೊಡ್ಡ ಫಲ ಬಂದುದು ವಿಜ್ಞಾನದಲ್ಲಿ ಅಪೂರ್ವ.

ಮೂರೋ ನಾಲ್ಕೋ, ಅದರಿಂದೇನಾಯಿತು ಎಂದು ಕೇಳುವವರಿದ್ದಾರೆ. ಕ್ಷಯರೋಗಕ್ಕೆ ಕೊಡುವ ಎಥಾಂಬ್ಯುಟಾಲ್ ಎಂಬ ಔಷಧದ ಅಣುವಿಗೂ ಎರಡು ತುದಿಗಳು ಒಂದೇ ಬಗೆಯವು, ಇಂಥ ಇಂಗಾಲಗಳೂ ಎರಡೇ, ಎಣಿಕೆಯೂ ಮೂರೇ. ಅವುಗಳಲ್ಲಿ ರೋಗಾಣುವಿನ ಮೇಲೆ ಪ್ರಬಲವಾಗಿ ವರ್ತಿಸುವುದು ಎಎ. ಮೀಸೋ ರೂಪವು ಬಹಳ ದುರ್ಬಲ. ಬಬ ರೂಪವಂತೂ ಹೆಚ್ಚುಕಡಿಮೆ ನಿಷ್ಪ್ರಯೋಜಕ. ಈ ಔಷಧಕ್ಕೆ ಕಣ್ಣಿನ ನರವನ್ನು ಬಾಧಿಸುವ ದೋಷವೂ ಉಂಟಾದುದರಿಂದ, ಫಲವಿಲ್ಲದ ರೂಪವನ್ನು ರೋಗಿಯ ಹೊಟ್ಟೆಗೆ ಸೇರಿಸುವುದು ಯುಕ್ತವಲ್ಲ. ಇಂಥ ಔಷಧವನ್ನು ತಯಾರಿಸುವವನು ತನ್ನ ಪಾತ್ರೆಯಲ್ಲಿ ಎಷ್ಟು ರೂಪಗಳು ಹುಟ್ಟಬಲ್ಲವೆಂಬುದನ್ನು ಮೊದಲೇ ಅರಿತಿರಬೇಕಾಗುತ್ತದೆ.

ಇನ್ನು ನಾಲ್ಕು ಇಂಗಾಲಗಳ ಸಂಗತಿ. ಗ್ಲೂಕೋಸಿನ ಸರಪಳಿಗೆ ಎರಡು ತುದಿಗಳು ಬೇರೆ ಬೇರೆ. ಅಲ್ಲಿ ಸೂತ್ರವು ತಪ್ಪುವುದಿಲ್ಲ, ಹದಿನಾರು ರೂಪಗಳುಂಟು. ಎರಡು ತುದಿಗಳನ್ನೂ ಉತ್ಕರ್ಷಿಸಿ ಆಮ್ಲವಾಗಿಸಿದರೆ ತುದಿಗಳು ಸಮವಾಗುತ್ತವೆ. ಆಗ ‘ವಿಕಟಕವಿ’ಯನ್ನು ನೆನೆಯಬೇಕು. ಎಡದಿಂದ ಓದಿದರೂ ಬಲದಿಂದ ಓದಿದರೂ ಬದಲಾಗದ ಪದಗಳು ಹದಿನಾರರಲ್ಲಿ ನಾಲ್ಕು: ಬಬಬಬ, ಎಎಎಎ, ಬಎಎಬ, ಎಬಬಎ. ಉಳಿದ ಹನ್ನೆರಡು ಪದಗಳು ಎರಡೆರಡಾಗಿ ಕೂಡಿ ಆರಾಗುತ್ತವೆ. ಒಟ್ಟು ಹತ್ತು.

ಉಂಗುರದ ಅಣುಗಳಲ್ಲಿ ಎಣಿಕೆ ಇನ್ನೂ ಸ್ವಾರಸ್ಯಕರ. ಚಾರ್‌ಮಿನಾರಿನ ಬಳಿಯ ಲಾಡ್ ಬಜಾರಿನಲ್ಲಿ ಮಾರುವ ಬಳೆಯೊಂದನ್ನು ಮೇಜಿನ ಮೇಲೆ ಮಲಗಿಸಿದಂತೆ ಭಾವಿಸಿರಿ. ಅದರ ಮೇಲೆ ಸಮದೂರದಲ್ಲಿ ಆರು ಸ್ಥಾನಗಳು. ಪ್ರತಿಯೊಂದರಲ್ಲಿಯೂ ಒಂದು ಹರಳು, ಮೇಲಕ್ಕಾಗಲಿ ಕೆಳಕ್ಕಾಗಲಿ. ಇನೋಸಿಟಾಲ್ ಎಂಬ ವಸ್ತುವಿನ ಚಿತ್ರ ಇದೇ. ಹರಳುಗಳ ಸ್ಥಾನದಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. (ನಿಜವಾದ ಉಂಗುರವು ಚಪ್ಪಟೆಯಲ್ಲ, ಎಣಿಕೆಗಾಗಿ ಹಾಗೆ ಭಾವಿಸಿದರೆ ಉತ್ತರವೇನೂ ಕೆಡದು.) ಸೂತ್ರದಂತೆ ಅರುವತ್ತನಾಲ್ಕು ರೂಪಗಳಿರಬೇಕು. ಆದರೆ ಬಳೆಯನ್ನು ಸುತ್ತಲೂ ತಿರುಗಿಸಬಹುದು, ಮಗುಚಿಯೂ ಹಾಕಬಹುದು. ಮಗುಚಿದಾಗ ಮೇಲಿನದು ಕೆಳಗಾಗುವುದರಿಂದ, ಮೇಲಿರುವ ಹರಳುಗಳು ಆರು, ಐದು, ನಾಲ್ಕು, ಮೂರು ಎಂಬಷ್ಟನ್ನೇ ಎಣಿಸಿದರೆ ಸಾಕು. ಆರೂ ಮೇಲೆ, ಒಂದು ರೂಪ. ಐದು ಮೇಲೆ, ಅದೂ ಒಂದೇ. ನಾಲ್ಕು ಮೇಲಿದ್ದರೆ ಕೆಳಗಿನ ಎರಡು ಅಕ್ಕಪಕ್ಕದಲ್ಲಿರಬಹುದು, ನಡುವೆ ಒಂದನ್ನು ಬಿಟ್ಟಿರಬಹುದು, ಇಲ್ಲವೆ ಎದುರುಬದುರಾಗಿರಬಹುದು, ಮೂರು ರೂಪಗಳು. ಮೂರು ಮೇಲಿದ್ದರೆ, ಮೂರೂ ಸಾಲಾಗಿರುವುದೊಂದು, ಒಂದು ಬಿಟ್ಟು ಒಂದಿರುವುದೊಂದು, ಎರಡು ಕೂಡಿದ್ದು ಮೂರನೆಯದು ಒಂಟಿಯಾಗಿರುವುದೊಂದು. ಈ ಕೊನೆಯದನ್ನು ಕನ್ನಡಿಯಲ್ಲಿ ನೋಡಿದರೆ ಕಾಣುವ ಬಿಂಬವು ಬಳೆಯನ್ನು ಹೇಗೆ ತಿರುಗಿಸಿದರೂ ಅದರೊಡನೆ ಹೊಂದದು. ಆದುದರಿಂದ ಅದನ್ನು ಎರಡೆಂದೇ ಎಣಿಸಬೇಕು. ಹೀಗೆ ಒಟ್ಟು ಒಂಬತ್ತು.

ಅಕ್ಕಿಯ ತೌಡಿನಲ್ಲಿ ಫೈಟಿಕ್ ಆಮ್ಲದ ರೂಪದಲ್ಲಿ ಅಡಗಿರುವುದು ಈ ಒಂಬತ್ತರಲ್ಲಿ ಒಂದೇ: ನಾಲ್ಕು ಮೇಲೆ ಎರಡು ಕೆಳಗೆ, ಆ ಎರಡರ ನಡುವೆ ಮೇಲ್ಮುಖವಾದ ಒಂದು.